ಸಕ್ಕರೆ ಕಾಲಿಗೆ ಮೀನಿನ ಪಟ್ಟಿ

ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸದಲ್ಲಿ ನಗುವುದಕ್ಕೆ ಏನಿರುತ್ತದೆ ಎಂದು ನನ್ನ ತಂಗಿ ಯಾವಾಗಲೂ ಕೇಳುತ್ತಾಳೆ. ಏನೂ ಇರುವುದಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಜನರ ಕಾಲು ಹಿಡಿದು ಕೂರುವವಳ ಮುಂದೆ ಮನುಷ್ಯರು ಏನಾದರೊಂದು ಮಾಡಿಯೇ ಮಾಡುತ್ತಾರೆ. ನಮಗೆ ನಗುವಷ್ಟು ಶಕ್ತಿ ಉಳಿದಿದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ.

ದಾವಣಗೆರೆಯಲ್ಲಿ ನರ್ಸಿಂಗ್ ಮುಗಿಸಿದವಳು ನಾನು. ತೊಂಬತ್ತರ ದಶಕದ ಶುರುವಿನಲ್ಲಿ ಹಲಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಬಂದು ಡ್ರೆಸ್ಸಿಂಗ್ ರೂಮಿನ ಸ್ಟೂಲಿನ ಮೇಲೆ ಕೂತೆ. ಕೊನೆಗೆ ಎದ್ದಾಗ ಎರಡೂ ಮಂಡಿ ಹೋಗಿದ್ದವು. ಮೇಲಿನ ಮಹಡಿಯಲ್ಲಿ ಹೆರಿಗೆ ವಾರ್ಡು, ಕೆಳಗೆ ನನ್ನ ರೂಮು. ಮೇಲೆ ಪೇಡ ಹಂಚುತ್ತಿದ್ದರು. ಕೆಳಗಿನ ಬೆಂಚಿನ ಮೇಲೆ ಪೇಡ ಮುಟ್ಟಬಾರದವರು ಸಾಲಾಗಿ ಕೂತು ಮೆಟ್ಟಿಲ ಕಡೆ ನೋಡುತ್ತಿದ್ದರು.

ನನಗೆ ಬರುತ್ತಿದ್ದವರೆಲ್ಲ ಹೆಚ್ಚುಕಮ್ಮಿ ಸಕ್ಕರೆ ಕಾಯಿಲೆಯವರು. ಸಕ್ಕರೆ ಹಿಡಿದ ಕಾಲಿನ ಗಾಯ ಮಾಯುವುದೇ ಇಲ್ಲ. ಇವತ್ತು ಒಣಗಿದ ಹಾಗೆ ಕಾಣುತ್ತದೆ, ನಾಳೆ ಮತ್ತೆ ಒಸರುತ್ತದೆ. ಬರೀ ಗಾಜ್ ಬಟ್ಟೆ ಕಟ್ಟಿದರೆ ಅಂಟಿಕೊಂಡು, ಬಿಚ್ಚುವಾಗ ಹೊಸದಾಗಿ ಬಂದ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮ ಸರ್ಜನ್ ಡಾಕ್ಟರು ಇಂದಿರಾನಗರದಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು. ಮಾತು ಕಮ್ಮಿ. ಸರ್ಜನ್ ಆಗಿಯೂ ಅವರಿಗೆ ಕಾಲು ತೆಗೆಯುವುದೆಂದರೆ ಆಗುತ್ತಿರಲಿಲ್ಲ. "ತೆಗೆಯೋದು ಒಂದು ಗಂಟೆ ಕೆಲಸ ಸಿಸ್ಟರ್, ಉಳಿಸೋದು ಎಂಟು ತಿಂಗಳು" ಎನ್ನುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ. ಆ ಒಂದು ಗಂಟೆ ಅವರದು, ಎಂಟು ತಿಂಗಳು ನನ್ನದು ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಅಂಟದ, ಒಣಗದ, ಗಾಯಕ್ಕೆ ಹಿತವಾಗುವ ಪಟ್ಟಿ ಹುಡುಕುತ್ತಾ ಅವರು ಗಿಡ, ಪ್ರಾಣಿ, ಮನುಷ್ಯ ಯಾವುದನ್ನೂ ಬಿಡಲಿಲ್ಲ.

ಬೂಟಿನ ಒದ್ದೆ

ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಒಬ್ಬ ಯಜಮಾನರು ಬಂದರು. ಒಂದು ಕಾಲದಲ್ಲಿ ತರಕಾರಿ ಬೆಳೆಯುತ್ತಿದ್ದ ಕುಟುಂಬ. ಜಮೀನಿನಲ್ಲಿ ಅರ್ಧ ಲೇಔಟ್ ಆಗಿ, ಈಗ ಬಿಳಿ ಪಂಚೆಯ ಕೆಳಗೆ ಮಿರಿಮಿರಿ ಹೊಳೆಯುವ ಹೊಸ ಬೂಟು. ಜೊತೆಯಲ್ಲಿ ಹೆಂಡತಿ.

"ಏನಾಯ್ತು ಯಜಮಾನ್ರೇ?"

"ಏನೂ ಆಗಿಲ್ಲ ಕಣಮ್ಮ. ಬೂಟು ಒಳಗೊಳಗೇ ಒದ್ದೆ ಆಗ್ತಾ ಐತೆ. ನೀರು ಎಲ್ಲಿಂದ ಬರ್ತೈತೋ ಗೊತ್ತಿಲ್ಲ."

ಬಿಚ್ಚಿ ನೋಡಿದರೆ ನೀರಲ್ಲ. ಕಾಲುಚೀಲ ಅಂಗಾಲಿಗೆ ಮೆತ್ತಿಕೊಂಡಿತ್ತು. ನೆನೆಸಿ ಬಿಡಿಸಿದೆ. ಅಂಗಾಲಿನ ನಡುವೆ ಗಾಯ, ಗಾಯದ ನಡುವೆ ಏನೋ ಮಿಂಚಿತು. ಚಿಮಟದಲ್ಲಿ ಹಿಡಿದು ಎಳೆದೆ. ಏಳು ಕಲ್ಲಿನ ಓಲೆ!

ಯಜಮಾನರು ಅತ್ತ ಇತ್ತ ಅಲುಗಲೂ ಇಲ್ಲ. ಈ ಕಾಯಿಲೆಯ ಕಷ್ಟವೇ ಅದು; ನರ ಸತ್ತು ಕಾಲಿಗೆ ನೋವೇ ಗೊತ್ತಾಗುವುದಿಲ್ಲ. ಬೇರೆಯವರಾಗಿದ್ದರೆ ಒಂದು ಹೆಜ್ಜೆಗೇ ಕೂಗಿಕೊಳ್ಳುತ್ತಿದ್ದರು. ಇವರು ಹನ್ನೊಂದು ದಿನ ಅದರ ಮೇಲೆ ನಡೆದಾಡಿದ್ದರು, ಎರಡು ಗೃಹಪ್ರವೇಶಕ್ಕೂ ಹೋಗಿ ಬಂದಿದ್ದರು.

ಹೆಂಡತಿ ಓಲೆ ನೋಡಿದವರೇ ಕುರ್ಚಿಯಲ್ಲಿ ಕುಸಿದು ಕೂತರು. ನಡೆದದ್ದು ಇಷ್ಟು. ಮದುವೆಯ ಛತ್ರದಲ್ಲಿ ಕಳ್ಳರ ಭಯ ಎಂದು, ಮಲಗುವ ಮೊದಲು ಓಲೆ ಬಿಚ್ಚಿ ಗಂಡನ ಬೂಟಿನಲ್ಲಿದ್ದ ಕಾಲುಚೀಲದೊಳಗೆ ಬಚ್ಚಿಟ್ಟದ್ದು ಆಕೆಯೇ. ಬೆಳಗಿನ ಗಡಿಬಿಡಿಯಲ್ಲಿ ಮರೆತರು. ಓಲೆ ಕಾಣದಿದ್ದಾಗ ಓರಗಿತ್ತಿಯ ಮೇಲೆ ಅನುಮಾನ ಬಂದು, ಹನ್ನೊಂದು ದಿನದಿಂದ ಎರಡು ಮನೆಗೂ ಮಾತಿಲ್ಲ.

ಗಂಡನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕಾಲು ತೂತು ಮಾಡ್ಬಿಟ್ಟಲ್ಲೇ! ಅವಳ ಹತ್ರ ಏನಂತ ಮುಖ ತೋರಿಸ್ತೀಯ ಈಗ?"

ಆಕೆ ಓಲೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: "ಸಿಸ್ಟರಮ್ಮ, ಆ ಕಾಲಿನ ಬೂಟೂ ಬಿಚ್ಚಿ ನೋಡಿ. ಎರಡೂ ಒಂದೇ ಕಡೆ ಇಡಬಾರದು ಅಂತ ಬೇರೆ ಬೇರೆ ಇಟ್ಟಿದ್ದೆ."

ಸಿಪ್ಪೆ ಮತ್ತು ಗೆಡ್ಡೆ

ಡಾಕ್ಟರ ಮೊದಲ ಪ್ರಯೋಗ ನಡೆದದ್ದು ಅದೇ ಯಜಮಾನರ ಕಾಲಿನ ಮೇಲೆ. ಸುಟ್ಟ ಗಾಯಕ್ಕೆ ಎಲ್ಲೋ ಆಲೂಗಡ್ಡೆ ಸಿಪ್ಪೆಯ ಪಟ್ಟಿ ಕಟ್ಟುತ್ತಾರೆ, ಗಾಯಕ್ಕೆ ಅಂಟುವುದಿಲ್ಲ, ತೇವವೂ ಆರುವುದಿಲ್ಲ ಎಂದು ಅವರು ಓದಿಕೊಂಡು ಬಂದರು. ಓದಿದ್ದು ಅವರು, ಸುಲಿದದ್ದು ನಾನು. ಸಿಪ್ಪೆಗಳನ್ನು ಗಾಜ್ ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿ ಅಂಟಿಸಬೇಕು, ಸುತ್ತಿಟ್ಟು ಕತ್ತರಿ ಚಿಮಟ ಬೇಯಿಸುವ ಆಟೋಕ್ಲೇವಿನಲ್ಲೇ ಬೇಯಿಸಬೇಕು. ನನ್ನ ಕೋಟಿಗೂ ಆಲೂಗಡ್ಡೆ ವಾಸನೆ ಹತ್ತಿತು.

ನಾನು ಮಾರ್ಕೆಟ್ಟಿನಿಂದ ತಂದ ಗೆಡ್ಡೆ ಯಜಮಾನರಿಗೆ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದನ್ನ ನನ್ನ ಕಾಲಿಗೆ ಕಟ್ತೀರಾ? ಇದು ದನಕ್ಕೂ ಆಗಲ್ಲ ಕಣಮ್ಮ" ಎಂದರು. ಮರುದಿನ ಎರಡು ಮೂಟೆ ಬಂದವು. ಒಂದು ಕಾಲಿಗೆ ಒಂದು ಮೂಟೆ.

ಈಗ ಸಿಪ್ಪೆ ತೆಗೆದ ಗೆಡ್ಡೆಯನ್ನು ಏನು ಮಾಡುವುದು? ನಮ್ಮ ಅಡುಗೆಯ ಅಮ್ಮನಿಗೆ ಏನನ್ನೂ ಬಿಸಾಡಿ ಗೊತ್ತಿಲ್ಲ. ಮೊದಲ ದಿನ ಪಲ್ಯ, ಎಲ್ಲರಿಗೂ ಖುಷಿ. ಎರಡನೇ ದಿನ ಸಾಗು. ಆಮೇಲೆ ಹುಳಿ, ಬೋಂಡ, ಮತ್ತೆ ಪಲ್ಯ. ಮೂರನೇ ವಾರಕ್ಕೆ ಬಾಣಂತಿಯರ ಮನೆಯವರು ಗಲಾಟೆ ಮಾಡಿದರು, "ವಾಯು ಆಗುತ್ತೆ, ಹಸುಗೂಸಿನ ತಾಯಿಗೆ ದಿನಾ ಇದೇ ಕೊಡ್ತೀರಲ್ರೀ" ಎಂದು. ನಾನು ಊಟದ ಡಬ್ಬಿ ಮನೆಯಿಂದ ತರತೊಡಗಿದೆ. ಅಲ್ಲಿ ನನ್ನ ಗಂಡ ಅಗ್ಗವಾಗಿ ಸಿಕ್ಕಿತು ಎಂದು ಐದು ಕೆ.ಜಿ. ಆಲೂಗಡ್ಡೆ ತಂದು ಹಾಕಿದ್ದರು.

ಗಾಯ ಮಾತ್ರ ನಿಜವಾಗಿಯೂ ಕೂಡುತ್ತಾ ಬಂತು. ಬೋಂಡಕ್ಕೆ ಬೇಡ ಅನ್ನದವರು ಒಬ್ಬರೇ, ನಮ್ಮ ಡಾಕ್ಟರು. ಅವರಿಗೂ ಸಕ್ಕರೆ ಇತ್ತು. ಅದು ನನಗೆ ಗೊತ್ತು, ಬೆಂಚಿನ ಮೇಲಿನವರಿಗೂ ಗೊತ್ತು, ಅಡುಗೆಯ ಅಮ್ಮನಿಗೆ ಗೊತ್ತಿಲ್ಲ. ಒಂದು ಸಂಜೆ ಎಕ್ಸ್‌ರೇ ರೂಮಿನ ಹಿಂದೆ ನಿಂತು ಮೂರನೆಯ ಬೋಂಡ ಬಾಯಿಗಿಡುತ್ತಿದ್ದಾಗ ಯಜಮಾನರು ಕುಂಟಿಕೊಂಡು ಅದೇ ದಾರಿಯಲ್ಲಿ ಬಂದರು. ನಿಂತರು. ಬೋಂಡ ನೋಡಿದರು. ಡಾಕ್ಟರ ಚಪ್ಪಲಿ ಕಾಲನ್ನೂ ನೋಡಿದರು.

"ತಿನ್ನಿ ಡಾಕ್ಟ್ರೇ, ಬಿಸಿ ಐತೆ. ಸಿಪ್ಪೆ ಮಾತ್ರ ಎತ್ತಿಟ್ಕೊಂಡಿರಿ."

ಮಗುವಿಗೆ ಸಂಬಂಧ

ಆಲೂಗಡ್ಡೆ ಬೇಡವೆಂದು ಅಡುಗೆಮನೆ, ಹೆರಿಗೆ ವಾರ್ಡು ಎರಡೂ ತಿರುಗಿ ಬಿದ್ದ ಮೇಲೆ ಡಾಕ್ಟರ ಕಣ್ಣು ಮೇಲಿನ ಮಹಡಿಯ ಕಡೆ ಹೋಯಿತು. ಮಗು ಹೊಟ್ಟೆಯಲ್ಲಿದ್ದಾಗ ಅದರ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ, ಈರುಳ್ಳಿಯ ಒಳಸಿಪ್ಪೆಯ ಹಾಗೆ. ಹೆರಿಗೆಯಾದ ಮೇಲೆ ಅದನ್ನು ಎಸೆಯುವುದೇ. ತಾಯಿಯ ರಕ್ತ ಪರೀಕ್ಷೆ ಮಾಡಿ, ಒಪ್ಪಿಗೆ ಪಡೆದು, ಪೊರೆ ತೊಳೆದು ಶುದ್ಧಮಾಡಿ ಇಟ್ಟರೆ ಮಾಯದ ಗಾಯದ ಮೇಲೆ ಹಾಸಬಹುದು. ಎರಡನೇ ಚರ್ಮದ ಹಾಗೆ ಕೂತುಬಿಡುತ್ತದೆ.

ಅದು ಹೆಚ್ಚಾಗಿ ಖರ್ಚಾದದ್ದು ಶಿವಾಜಿನಗರದ ಮಟನ್ ಅಂಗಡಿಯ ಭಾಯಿಯ ಹಿಮ್ಮಡಿಗೆ. ಆರಡಿ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಬೆಳಗಿನಿಂದ ಸಂಜೆಯವರೆಗೆ ಒದ್ದೆ ನೆಲದ ಮೇಲೆ ನಿಂತು ನಿಂತು ಹಿಮ್ಮಡಿ ಬಿರಿದು, ಗುಳಿ ಬಿದ್ದಿತ್ತು. ಮೊದಲ ದಿನ ನಾನು ಪಟ್ಟಿ ಬಿಚ್ಚಿದ್ದೇ ತಡ, ತನ್ನ ಗಾಯ ತಾನೇ ನೋಡಿ ಮೂರ್ಛೆ ಹೋದ. ಎಬ್ಬಿಸಿ ನೀರು ಕುಡಿಸಿದೆವು.

"ದಿನಾ ಇಷ್ಟೊಂದು ಕತ್ತರಿಸ್ತೀರಲ್ಲ ಭಾಯ್?"

"ಅರೇ ಸಿಸ್ಟರ್, ಅದು ಕುರೀದು. ಇದು ನಂದು!"

ಪೊರೆಯ ವಿಷಯವನ್ನು ಮುಚ್ಚಿಡುವ ಹಾಗಿಲ್ಲ. ಹೇಳಿದೆ. ಅವನು ತಲೆ ಎತ್ತಿ ಮೇಲಿನ ಮಹಡಿಯ ಕಡೆ ನೋಡಿದ. ಬೇಡ ಅನ್ನುತ್ತಾನೆ ಎಂದುಕೊಂಡೆ. ಇನ್ನು ಎರಡು ವಾರ ಕಳೆದರೆ ಮೂಳೆಗೆ ಇಳಿಯುವ ಗಾಯ ಅದು.

"ಯಾರ ಮಗೂದು ಸಿಸ್ಟರ್?"

"ಅದು ಹೇಳೋ ಹಾಗಿಲ್ಲ ಭಾಯ್."

"ಜಾತಿ ಕೇಳ್ತಾ ಇಲ್ಲ ನಾನು. ಗಂಡಾ ಹೆಣ್ಣಾ, ಅಷ್ಟು ಹೇಳಿ."

"ಅದನ್ನೂ ಹೇಳೋ ಹಾಗಿಲ್ಲ."

"ಸರಿ ಹಾಗಾದ್ರೆ. ಮೇಲಿರೋದೆಲ್ಲಾ ನಮ್ಮ ಮಕ್ಕಳೇ" ಅಂದವನೇ ಕಾಲು ಚಾಚಿ, ಮುಖ ಆಚೆ ತಿರುಗಿಸಿದ.

ಅದನ್ನವನು ಮಾತಿಗೆ ಹೇಳಿದ್ದಲ್ಲ. ಆಮೇಲೆ ಡ್ರೆಸ್ಸಿಂಗಿಗೆ ಬಂದಾಗಲೆಲ್ಲ ಬಟ್ಟೆ ಅಂಗಡಿಗಳ ಗಲ್ಲಿಯಿಂದ ಪುಟ್ಟ ಪುಟ್ಟ ಕುಲಾವಿ ತರತೊಡಗಿದ, ಬಣ್ಣಬಣ್ಣದವು. ಮೆಟ್ಟಿಲ ಕೆಳಗೆ ಊರುಗೋಲು ಹಿಡಿದು ನಿಂತು, ಮನೆಗೆ ಹೊರಟ ಪ್ರತಿ ಮಗುವಿನ ತಲೆಗೂ ಒಂದು. ಬೇಡ ಅಂದರೆ ಕೇಳುವವನಲ್ಲ. ಅವನ ಗಾತ್ರ ನೋಡಿ ಬಾಣಂತಿಯರ ಮನೆಯವರೂ ಬೇಡ ಅನ್ನುತ್ತಿರಲಿಲ್ಲ.

ಒಂದು ದಿನ ಒಬ್ಬ ಅಜ್ಜಿ ಅವನನ್ನು ತಡೆದರು. ಮಗ, ಸೊಸೆ, ಮಗು ಹಿಂದೆಯೇ ಇಳಿಯುತ್ತಿದ್ದಾರೆ.

"ನೀವು ಯಾರಪ್ಪಾ?"

"ಮಗೂಗೆ ಸಂಬಂಧ ಅಮ್ಮಾ" ಅಂದ ಭಾಯಿ, ಕುಲಾವಿ ತೊಡಿಸುತ್ತಾ.

ಅಜ್ಜಿಯ ಮುಖ ಬಿಳಿಚಿತು. ಸೊಸೆಯ ಕಡೆ ಒಂದು ಸಲ ನೋಡಿದರು. ಮಗನ ಕಡೆ ನೋಡಿದರು. ದನಿ ಬಿಗಿ ಹಿಡಿದು ಕೇಳಿದರು, "ಯಾವ ಕಡೆಯಿಂದ? ಅಪ್ಪನ ಕಡೆಯೋ, ಅಮ್ಮನ ಕಡೆಯೋ?"

ಭಾಯಿ ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದ: "ಹಿಮ್ಮಡಿ ಕಡೆಯಿಂದ."

ಸಮುದ್ರದ ಹಾಳೆ

ಪೊರೆಗೆ ಪರೀಕ್ಷೆಗಳು, ಕಾಗದ ಪತ್ರಗಳು ಹೆಚ್ಚಾಗುತ್ತಾ ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮಲ್ಲಿಗೆ ಪ್ಯಾಕೆಟ್ಟಿನಲ್ಲಿ ಕೊಲಾಜೆನ್ ಹಾಳೆ ಬರತೊಡಗಿತು. ಹಪ್ಪಳದ ಹಾಗೆ ತೆಳ್ಳಗೆ. ತೊಳೆದು ಗಾಯದ ಮೇಲಿಟ್ಟರೆ ನಿಧಾನವಾಗಿ ಮೈಯಲ್ಲೇ ಕರಗಿ, ಹೊಸ ಚರ್ಮಕ್ಕೆ ಆಸರೆಯಾಗುತ್ತದೆ. ಸುಲಿಯುವುದಿಲ್ಲ, ಬೇಯಿಸುವುದಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಸಂತೋಷ ಒಂದು ವಾರ ಇತ್ತು.

ಜೀವನ್ ಬಿಮಾ ನಗರದಿಂದ ಒಬ್ಬ ರಿಟೈರಾದ ಆಫೀಸರು ಬಂದರು. ಜೀವಮಾನವೆಲ್ಲ ವಿಮೆಯ ಕಾಗದ ಓದಿದವರು, ಸಣ್ಣ ಅಕ್ಷರ ಕಂಡರೆ ಬಿಡುವವರಲ್ಲ. ನಾನು ಹಾಳೆ ತೆಗೆಯುವಷ್ಟರಲ್ಲಿ ಕವರನ್ನು ಕನ್ನಡಕದ ಹತ್ತಿರ ಹಿಡಿದಿದ್ದರು.

"ಸಿಸ್ಟರ್, ಇದರಲ್ಲಿ ಮೀನು ಅಂತ ಇದೆಯಲ್ಲಾ!"

"ಹೌದು ಸಾರ್. ಮೀನಿನಿಂದ ತೆಗೆದಿದ್ದು."

"ನಾವು ಈರುಳ್ಳೀನೇ ತಿನ್ನಲ್ಲ."

ಡಾಕ್ಟರನ್ನು ಕರೆದೆ. "ಇದು ಗಾಯದ ಮೇಲೇ ಇರುತ್ತಾ, ಒಳಗೆ ಹೋಗುತ್ತಾ?" ಎಂದು ಕೇಳಿದರು ಸಾಹೇಬರು. ಸುಳ್ಳು ಹೇಳಿ ಗೊತ್ತಿಲ್ಲದ ನಮ್ಮ ಡಾಕ್ಟರು, "ಕರಗಿ ಒಳಗೇ ಹೋಗುತ್ತೆ" ಎಂದರು.

"ಹಾಗಾದ್ರೆ ತಿಂದ ಹಾಗೇ ಆಯ್ತಲ್ಲ?"

"ರುಚಿ ಗೊತ್ತಾಗಲ್ಲ" ಎಂದರು ಡಾಕ್ಟರು.

ಸಾಹೇಬರು ಎದ್ದು ಹೋದರು. ನಾಲ್ಕು ದಿನ ಬರಲಿಲ್ಲ. ಹೆಬ್ಬೆರಳಿನ ಪಕ್ಕದ ಗಾಯ, ಸುತ್ತ ಕಪ್ಪು ತಿರುಗುತ್ತಿತ್ತು. ನನಗೆ ಒಳಗೊಳಗೇ ಭಯ. ಐದನೇ ದಿನ ಬಂದವರು ಬಾಗಿಲು ಮುಚ್ಚಿ ಕೂತರು. "ಮಾಡಿ ಸಿಸ್ಟರ್. ಆದರೆ ನಮ್ಮ ಮನೆಯವರ ಮುಂದೆ ಮೀನು ಅನ್ನೋ ಶಬ್ದ ಬರಬಾರದು. ಸಮುದ್ರದ ಹಾಳೆ ಅನ್ನಿ."

ಹಾಗೇ ಅಂದೆ. ಹೊರಗೆ ಕೂತಿದ್ದ ಅವರ ಶ್ರೀಮತಿಯವರು ಅದನ್ನು ಮುತ್ತು, ಹವಳದ ಭಸ್ಮದ ಥರದ್ದೇನೋ ಎಂದು ತಿಳಿದು ಕಾಲೋನಿಗೆಲ್ಲ ಹೇಳಿಕೊಂಡು ಬಂದರು. ಆ ಕಾಲೋನಿಯಿಂದ ಇನ್ನೂ ಇಬ್ಬರು ಮಡಿವಂತರು ಬಂದು, "ನಮಗೂ ಆ ಸಮುದ್ರದ್ದೇ ಹಾಕಿ" ಎಂದರು. ಅವರಿಗೆ ನಿಜ ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಮ್ಮ ಮನೇಲೂ ಸಮುದ್ರದ್ದು ಅಂತಲೇ ಹೇಳಿ" ಎಂದರು.

ಎರಡು ವಾರದ ಮೇಲೆ ಬೆಳಿಗ್ಗೆ ನರ್ಸಿಂಗ್ ಹೋಮಿಗೆ ಫೋನು. ಸಾಹೇಬರದೇ. ಪಿಸುಮಾತು. ಪಕ್ಕದ ಮನೆಯ ಬೆಕ್ಕು ವಾರದಿಂದ ಅವರನ್ನು ಬಿಡುತ್ತಿಲ್ಲವಂತೆ. ಪೇಪರ್ ಓದಲು ಕೂತರೆ ಪಾದದ ಹತ್ತಿರ, ಪೂಜೆಗೆ ಕೂತರೆ ಪಾದದ ಹತ್ತಿರ.

"ಮನೆಯವರಿಗೆ ಏನಾದ್ರೂ ಗೊತ್ತಾಯ್ತಾ ಸಾರ್?" ಎಂದೆ ಗಾಬರಿಯಿಂದ.

"ಮನೆಯವರಿಗೆ ಇನ್ನೂ ಇಲ್ಲ ಸಿಸ್ಟರ್. ಬೆಕ್ಕಿಗೆ ಗೊತ್ತಾಗಿದೆ."

ಉಳಿಯದ ಬೆರಳು

ಎಲ್ಲವೂ ಉಳಿಯಲಿಲ್ಲ. ಯಾವ ಹಾಳೆ ಹಾಕಿದರೂ ಕೆಲವು ಕಾಲು ಕೇಳುವುದಿಲ್ಲ. ಗದಗದ ಕಡೆಯ ಒಬ್ಬ ಬಸ್ ಕಂಡಕ್ಟರು, ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ನೇರವಾಗಿ ಖಾಕಿಯಲ್ಲೇ ಬರುತ್ತಿದ್ದವರು. ಐದು ತಿಂಗಳು ದಿನ ಬಿಟ್ಟು ದಿನ ಕಟ್ಟಿದೆ. ಕೊನೆಗೆ ಬಲಗಾಲಿನ ಹೆಬ್ಬೆರಳು ತೆಗೆಯಲೇಬೇಕಾಯಿತು. ಆಪರೇಷನ್ ಆದ ಮೇಲೆ ಅವರ ಮುಂದೆ ಹೋಗಲು ನನಗೆ ಕಾಲೇ ಬರಲಿಲ್ಲ. ಮಧ್ಯಾಹ್ನದವರೆಗೆ ಏನೇನೋ ಕೆಲಸ ಹುಡುಕಿಕೊಂಡು ಆಮೇಲೆ ಹೋದೆ.

ಅವರು ನನ್ನ ಮುಖ ನೋಡಿದರು. "ಯಾಕ್ರೀ ಸಿಸ್ಟರ್, ನೀವ್ಯಾಕ ಹಿಂಗ ಮಾರಿ ಮಾಡೀರಿ?"

"ಐದು ತಿಂಗಳು ಕಟ್ಟಿದೆ. ಉಳಿಸೋಕಾಗ್ಲಿಲ್ಲ."

"ಬಿಡ್ರೀ. ಇಪ್ಪತ್ತು ವರ್ಷ ಆತು, ಬಸ್ಸು ಹತ್ತಿದವರೆಲ್ಲಾ ಅದ ಬೆರಳು ತುಳಿದು ಮುಂದ ಹೋಗ್ಯಾರ. ಇನ್ನ ಹುಡುಕಿದ್ರೂ ಸಿಗಂಗಿಲ್ಲ ಅವರಿಗೆ."

ನಾನು ನಕ್ಕೆ. ಆಮೇಲೆ ಪಟ್ಟಿ ಬದಲಿಸುವಾಗ ಕಣ್ಣು ಸರಿಯಾಗಿ ಕಾಣಿಸಲಿಲ್ಲ.

ಗಾಯದ ಜಾಗ

ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯ ಅಜ್ಜಿ ಒಬ್ಬರಿದ್ದರು. ತಮಿಳು ಮನೆ, ಕನ್ನಡವೂ ಸಲೀಸು. ಇನ್ನೊಂದು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆಯಬೇಕು ಎಂದು ಹೇಳಿ ದಿನವನ್ನೂ ಗೊತ್ತುಮಾಡಿದ್ದರು. ಅಜ್ಜಿ ಹಿಂದಿನ ದಿನ ಬಟ್ಟೆಯ ಚೀಲದ ಸಮೇತ ನಮ್ಮಲ್ಲಿಗೆ ಬಂದು ಡಾಕ್ಟರ ಎದುರು ಕೂತರು. "ಹೋಗೋದಾದ್ರೆ ಎರಡು ಕಾಲಲ್ಲಿ ಹೋಗ್ತೀನಿ. ಅರ್ಧ ಕಳಿಸಿ ಅರ್ಧ ಇಟ್ಕೊಳ್ಳಲ್ಲ."

ಡಾಕ್ಟರು ಗಾಯ ನೋಡಿದರು, ಮೂಳೆಯ ಎಕ್ಸ್‌ರೇ ನೋಡಿದರು, ನನ್ನನ್ನು ನೋಡಿದರು. ಅಲ್ಲಿಗೆ ನನ್ನ ಎಂಟು ತಿಂಗಳು ಹೋಯಿತು.

ಕಟ್ಟಪ್ಪಣೆ ಒಂದೇ: ಆ ಕಾಲಿನ ಮೇಲೆ ಭಾರ ಬೀಳಬಾರದು. ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಅಜ್ಜಿ ಅದಕ್ಕೆ ಅತ್ತರು. "ನಲವತ್ತು ವರ್ಷದಿಂದ ಆ ಒಲೆ ಮುಂದೆ ನಿಂತಿದ್ದೀನಿ ಕಣ್ಣಮ್ಮಾ. ಸೊಸೆಗೆ ರಸಂ ಕುದಿಸೋಕೂ ಬರಲ್ಲ." ಸೊಸೆ ಪಕ್ಕದಲ್ಲೇ ನಿಂತಿದ್ದಳು, ಗೋಡೆಯ ಕ್ಯಾಲೆಂಡರ್ ನೋಡಿದಳು.

ಸತ್ತ ಮಾಂಸ ತೆಗೆದು, ಹಾಳೆ ಹಾಸಿ, ತೊಳೆದು, ಮತ್ತೆ ಹಾಸಿ. ಎರಡು ಸಲ ಜ್ವರ ಬಂತು. ಒಂದು ಸಲ ಡಾಕ್ಟರೇ ಕೈಚೆಲ್ಲಿ, "ನಾಳೆ ನೋಡೋಣ, ಇಲ್ಲದಿದ್ದರೆ ತೆಗೆದುಬಿಡೋಣ" ಎಂದರು. ಮರುದಿನ ಬಿಚ್ಚಿದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣ. ಅದನ್ನೇ ಹಿಡಿದುಕೊಂಡು ಮುಂದಕ್ಕೆ ಹೋದೆವು. ಎಂಟನೇ ತಿಂಗಳ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದೆ, ಒಳಗೆ ಗಾಯವಿರಲಿಲ್ಲ. ಎಳೇ ಚರ್ಮ ಪೂರ್ತಿ ಮುಚ್ಚಿತ್ತು. ಅಷ್ಟು ದಿನದ ಆಯಾಸವೆಲ್ಲ ಒಟ್ಟಿಗೇ ಬಂದು ಹೆಗಲ ಮೇಲೆ ಕೂತ ಹಾಗಾಯಿತು.

"ಅಜ್ಜಿ, ವಾಸಿ ಆಗಿದೆ! ಇನ್ನು ಪಟ್ಟಿ ಬೇಡ!"

ಅಜ್ಜಿ ಕಾಲು ನೋಡಿಕೊಂಡರು, ನೆಟಿಗೆ ಮುರಿದು ನನ್ನ ದೃಷ್ಟಿ ತೆಗೆದರು. ಆಮೇಲೆ ಬಾಗಿಲ ಕಡೆ ನೋಡಿ, ಸೊಸೆ ಹೊರಗಿರುವುದನ್ನು ಖಾತ್ರಿ ಮಾಡಿಕೊಂಡು, ಕೈ ಹಿಡಿದರು. "ಕಣ್ಣಮ್ಮಾ, ಸುಮ್ಮನೆ ಒಂದು ಕಟ್ಟು ಕಟ್ಟಿಬಿಡು. ಎಂಟು ತಿಂಗಳಿಂದ ಕೂತಲ್ಲಿಗೇ ಕಾಫಿ ಬರ್ತಾ ಇದೆ. ಈಗ ವಾಸಿ ಅಂದ್ರೆ ನಾಳೆ ಬೆಳಿಗ್ಗೆ ಒಲೆ ಹಚ್ಚಬೇಕು. ನಲವತ್ತು ವರ್ಷ ಹಚ್ಚಿದ್ದೀನಿ, ಸಾಕಾಗಿದೆ."

ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ಸೊಸೆ ನನ್ನನ್ನು ಮೆಟ್ಟಿಲ ಸಂದಿಗೆ ಎಳೆದುಕೊಂಡು ಹೋದಳು.

"ಸಿಸ್ಟರ್, ವಾಸಿ ಆಯ್ತಾ?"

"ಆಯ್ತಮ್ಮಾ."

"ಅಯ್ಯೋ, ಅವರಿಗೆ ಹೇಳ್ಬೇಡಿ ಸಿಸ್ಟರ್! ದಮ್ಮಯ್ಯ, ಇನ್ನೊಂದಷ್ಟು ದಿನ ಕಟ್ಟಿ. ಹದಿನಾರು ವರ್ಷಕ್ಕೆ ಈಗ ಅಡುಗೆಮನೆ ನನ್ನ ಕೈಗೆ ಬಂದಿದೆ. ಉಪ್ಪಿನ ಡಬ್ಬಿ ಎಲ್ಲಿಡಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ. ಕಾಫಿ ಬೇಕಾದ್ರೆ ಗಂಟೆಗೊಂದು ಕೊಡ್ತೀನಿ, ಒಳಗೆ ಬರೋದು ಬೇಡ."

ಅವಳನ್ನು ಸಮಾಧಾನ ಮಾಡಿ ಡಾಕ್ಟರ ರೂಮಿಗೆ ಹೋದರೆ, ಅಲ್ಲಿ ಅಜ್ಜಿಯ ಮಗ ಕೂತಿದ್ದ. ವಿಮಾನ ನಿಲ್ದಾಣದ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟ್ ಮುಗಿಸಿ ಬಂದವನು ನನ್ನ ಕೂಗನ್ನು ಕೇಳಿಸಿಕೊಂಡಿದ್ದ. ಕೈಮುಗಿದುಕೊಂಡೇ ಮಾತಾಡುತ್ತಿದ್ದ.

"ಸಾರ್, ಅಮ್ಮನ ಕಾಲು ಉಳಿಸಿದ್ರಿ, ಸಾಯೋವರೆಗೂ ಮರೆಯಲ್ಲ. ಒಂದೇ ಒಂದು ಬೇಡಿಕೆ. ಪಟ್ಟಿ ಮಾತ್ರ ತೆಗೀಬೇಡಿ ಸಾರ್. ಮದುವೆ ಆದಾಗಿನಿಂದ ನಮ್ಮ ಮನೇಲಿ ಎಂಟು ತಿಂಗಳು ಜಗಳ ಇಲ್ಲದೆ ಕಳೆದಿದ್ದು ಇದೇ ಮೊದಲು."

ನಾನು ಉಳಿದ ಇಬ್ಬರ ಮಾತನ್ನೂ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಎಳೇ ಚರ್ಮ. ಹೇಗೂ ಇನ್ನು ಮೂರು ತಿಂಗಳು ಕಾಪಾಡಬೇಕು. ಮೆತ್ತಗೆ ಒಂದು ಪಟ್ಟಿ ಕಟ್ಟಿ ಸಿಸ್ಟರ್" ಎಂದು ಅಜ್ಜಿಯ ಕಾರ್ಡು ತೆಗೆದುಕೊಂಡು ಬರೆಯತೊಡಗಿದರು.

ಡ್ರೆಸ್ಸಿಂಗ್ ರೂಮಿಗೆ ಬಂದು ಕಾರ್ಡು ನೋಡಿದೆ. ಕಾಲಿನ ಗಾಯ ಪೂರ್ತಿ ವಾಸಿ ಎಂದು ಬರೆದಿದ್ದರು. ಪಟ್ಟಿ ಮೂರು ತಿಂಗಳು ಮುಂದುವರಿಸುವುದು ಎಂದು ಬರೆದಿದ್ದರು. ಕೆಳಗೆ 'ಗಾಯ ಇರುವ ಜಾಗ' ಎಂಬ ಖಾನೆಯಲ್ಲಿ ಮೊದಲಿದ್ದ 'ಎಡಪಾದ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಬರೆದಿದ್ದರು: 'ಅಡುಗೆಮನೆ.'